ಟಾಂಜಾನಿಯಾಕ್ಕೆ ಹೊರಡುವವರೇ, ಟಿಕೆಟ್ಟಿಗಿಂತ ಮೊದಲು ಸೂಜಿ

ಮಾನ್ಯ ಸಂಪಾದಕರೇ,

ಪ್ರವಾಸದ ಪುಟಗಳಲ್ಲಿ ಸೆರೆಂಗೆಟಿಯ ಸಿಂಹ, ಜಾಂಜಿಬಾರಿನ ನೀಲಿ ಸಮುದ್ರದ ಚಿತ್ರಗಳು ಚೆನ್ನಾಗಿ ಬರುತ್ತವೆ. ಹೊರಡುವ ಮೊದಲು ಏನೇನು ಮಾಡಬೇಕು ಎಂಬುದು ಮಾತ್ರ ಲೇಖನದ ಕೊನೆಯ ಎರಡು ಸಾಲಿಗೆ ಮುಗಿದುಹೋಗುತ್ತದೆ. ಈಗ ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದಲೂ ಪೂರ್ವ ಆಫ್ರಿಕಾಕ್ಕೆ ಹೋಗುವವರಿದ್ದಾರೆ. 2023ರಲ್ಲಿ ಐಐಟಿ ಮದ್ರಾಸ್ ಜಾಂಜಿಬಾರಿನಲ್ಲಿ ಕ್ಯಾಂಪಸ್ ತೆರೆದ ಮೇಲೆ, ಆ ದ್ವೀಪದ ಹೆಸರು ಸಫಾರಿಯ ಹುಚ್ಚಿಲ್ಲದ ಮನೆಗಳಲ್ಲೂ ಕೇಳಿಬರುತ್ತಿದೆ. ಆದ್ದರಿಂದ ಆ ಕೊನೆಯ ಎರಡು ಸಾಲನ್ನು ಸ್ವಲ್ಪ ಬಿಡಿಸಿ ಬರೆಯುವುದು ಅಗತ್ಯ.

ಹೆಚ್ಚಿನವರು ಮಾಡುವ ತಪ್ಪು ಒಂದೇ. ಮೊದಲು ಅಗ್ಗದ ಟಿಕೆಟ್ ಹಿಡಿಯುತ್ತಾರೆ, ಆಮೇಲೆ ವೀಸಾ, ಕೊನೆಯ ವಾರದಲ್ಲಿ ಲಸಿಕೆ. ಲೆಕ್ಕ ನಡೆಯಬೇಕಾದ್ದು ತಿರುಗಾಮುರುಗಾ: ಹೊರಡುವ ದಿನದಿಂದ ಹಿಂದಕ್ಕೆ, ಕನಿಷ್ಠ ಎಂಟು ವಾರ.

ಮೊದಲು ಹಳದಿ ಜ್ವರದ ಲಸಿಕೆಯ ವಿಚಾರ, ಏಕೆಂದರೆ ಗೊಂದಲ ಹೆಚ್ಚಿರುವುದು ಅಲ್ಲೇ. "ಟಾಂಜಾನಿಯಾಕ್ಕೆ ಬೇಕಾಗಿಲ್ಲವಂತೆ" ಎಂದು ಒಬ್ಬರು, "ಇಲ್ಲದಿದ್ದರೆ ವಿಮಾನ ಹತ್ತಿಸುವುದಿಲ್ಲವಂತೆ" ಎಂದು ಇನ್ನೊಬ್ಬರು. ಇಬ್ಬರದೂ ಅರ್ಧ ಸತ್ಯ. ಭಾರತದಿಂದ ನೇರವಾಗಿ ದಾರ್ ಎಸ್ ಸಲಾಮಿಗೆ ಇಳಿಯುವವರಿಂದ ಟಾಂಜಾನಿಯಾ ಈ ಪ್ರಮಾಣಪತ್ರ ಕೇಳುವುದಿಲ್ಲ. ಆದರೆ ಕೀನ್ಯಾ, ಉಗಾಂಡಾ, ಇಥಿಯೋಪಿಯಾದಂಥ ಹಳದಿ ಜ್ವರದ ದೇಶದಿಂದ ಬಂದರೆ ಕೇಳುತ್ತದೆ, ಅಂಥ ದೇಶದ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದಿದ್ದರೂ ಕೇಳುತ್ತದೆ. ಅಗ್ಗದ ಟಿಕೆಟ್ಟಿನ ಒಳಗುಟ್ಟು ಇಲ್ಲಿದೆ: ಆಡಿಸ್ ಅಬಾಬಾದಲ್ಲೋ ನೈರೋಬಿಯಲ್ಲೋ ರಾತ್ರಿಯಿಡೀ ಕೂರಿಸುವ ಟಿಕೆಟ್ಟೇ ಅಗ್ಗ. ಎರಡು ಸಾವಿರ ರೂಪಾಯಿ ಉಳಿಸಲು ಹೋಗಿ 14 ಗಂಟೆ ಕಾಯುವ ಟಿಕೆಟ್ ಕೊಂಡವರಿಗೆ ಅಷ್ಟರಿಂದಲೇ ಲಸಿಕೆ ಕಡ್ಡಾಯವಾಗುತ್ತದೆ.

ಇದಕ್ಕಿಂತ ಬಿಗಿಯಾದದ್ದು ಮರಳಿ ಬರುವಾಗಿನ ನಮ್ಮದೇ ದೇಶದ ನಿಯಮ. ಹಳದಿ ಜ್ವರದ ದೇಶ ಬಿಟ್ಟು ಆರು ದಿನದೊಳಗೆ ಭಾರತಕ್ಕೆ ಬಂದವರ ಬಳಿ ಊರ್ಜಿತ ಪ್ರಮಾಣಪತ್ರ ಇಲ್ಲದಿದ್ದರೆ ಮನೆಗೆ ಬಿಡುವುದಿಲ್ಲ. ಆರು ದಿನ ತುಂಬುವವರೆಗೆ ಅಥವಾ ಪ್ರಮಾಣಪತ್ರ ಊರ್ಜಿತವಾಗುವವರೆಗೆ, ಯಾವುದು ಮೊದಲೋ ಅಲ್ಲಿಯತನಕ, ಕ್ವಾರಂಟೈನಿನಲ್ಲಿ ಇಡುತ್ತಾರೆ. ವಿಮಾನ ಬದಲಿಸುವಾಗ ನಿಲ್ದಾಣದ ಹೊರಗೆ ಕಾಲಿಡದವರಿಗೆ ವಿನಾಯಿತಿಗೆ ಅವಕಾಶವಿದೆ, ಆದರೆ ಅದನ್ನು ಆರೋಗ್ಯಾಧಿಕಾರಿ ಒಪ್ಪಬೇಕು. ಆರು ದಿನದ ಲೆಕ್ಕ ಸುಮ್ಮನೆ ಬಂದದ್ದಲ್ಲ. ಸೋಂಕಿತ ಸೊಳ್ಳೆ ಕಚ್ಚಿದ ಮೂರರಿಂದ ಆರು ದಿನದಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ಆ ವೈರಸ್ಸನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ. ಡೆಂಗಿ ತರುವುದೂ ಅದೇ. ರೋಗ ಮಾತ್ರ ಈ ದೇಶಕ್ಕೆ ಇನ್ನೂ ಬಂದಿಲ್ಲ, ಅದಕ್ಕಾಗಿಯೇ ಇಷ್ಟು ಕಟ್ಟುನಿಟ್ಟು. ಟಾಂಜಾನಿಯಾದ ಜೊತೆಗೆ ಮಸಾಯಿ ಮಾರಾ ನೋಡಲು ಕೀನ್ಯಾದ ಗಡಿ ದಾಟುವವರು, ಗೊರಿಲ್ಲಾ ನೋಡಲು ಉಗಾಂಡಾಕ್ಕೆ ಹೋಗುವವರು ಹಾಕಿಸಿಕೊಳ್ಳಲೇಬೇಕು. ಉಳಿದವರೂ ಹಾಕಿಸಿಕೊಂಡು ನಿಶ್ಚಿಂತರಾಗಿರುವುದು ವಾಸಿ. ದಾರಿಯಲ್ಲಿ ವಿಮಾನ ರದ್ದಾಗಿ ಬೇರೆ ದೇಶದ ಮೂಲಕ ಕಳಿಸಿದರೆ ಆಗ ಸೂಜಿ ಹುಡುಕಲಾಗದು.

ಈ ಲಸಿಕೆ ಊರಿನ ಡಾಕ್ಟರ ಬಳಿ ಸಿಗುವಂಥದ್ದಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಪಟ್ಟಿಯಲ್ಲಿರುವ ಕೇಂದ್ರದಲ್ಲೇ ಹಾಕಿಸಬೇಕು, ಬೇರೆಲ್ಲಿ ಹಾಕಿಸಿದರೂ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. ಕಾರವಾರ, ಅಂಕೋಲಾದವರಿಗೆ ಅನುಕೂಲವಾದದ್ದು ಗೋವಾದ ಮರ್ಮಗೋವಾ ಬಂದರು ಆರೋಗ್ಯ ಕಚೇರಿ. ಘಟ್ಟದ ಮೇಲಿನ ಕೆಲವರು ಬೆಂಗಳೂರಿಗೇ ಹೋಗುತ್ತಾರೆ. ಎಲ್ಲಿಗೆ ಹೋದರೂ ಮೊದಲೇ ದಿನ ಗೊತ್ತು ಮಾಡಿಕೊಳ್ಳಿ. ಲಸಿಕೆ ಬರುವುದು ಹಲವು ಡೋಸಿನ ಸೀಸೆಯಲ್ಲಿ. ಪುಡಿಗೆ ದ್ರಾವಣ ಬೆರೆಸಿದ ಮೇಲೆ ಆರು ಗಂಟೆಯೊಳಗೆ ಖಾಲಿಯಾಗಬೇಕು, ಉಳಿದದ್ದನ್ನು ಚೆಲ್ಲುತ್ತಾರೆ. ಅದಕ್ಕೇ ಕೇಂದ್ರಗಳು ವಾರದ ಇಂತಿಂಥ ದಿನ ಎಂದು ಜನರನ್ನು ಒಟ್ಟಿಗೆ ಕರೆಯುವುದು. ಹೇಳದೆ ಕೇಳದೆ ಹೋದರೆ ದಾರಿಖರ್ಚು ದಂಡ.

ಮೂಲ ಪಾಸ್‌ಪೋರ್ಟ್ ಜೊತೆಗಿರಲಿ. ಪ್ರಮಾಣಪತ್ರದ ಹಳದಿ ಪುಸ್ತಕವನ್ನು ಕೌಂಟರಿನ ಮುಂದೆ ನಿಂತೇ ಓದಿ ನೋಡಿ. ಹೆಗ್ಡೆ ಎಂದೂ ಹೆಗಡೆ ಎಂದೂ, ನಾಯ್ಕ ಎಂದೂ ನಾಯಕ ಎಂದೂ ಬರೆಸಿಕೊಳ್ಳುವ ಜಿಲ್ಲೆ ನಮ್ಮದು. ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಚ್ಚುಕಮ್ಮಿಯಾದರೂ ಪಾಸ್‌ಪೋರ್ಟಿನ ಹೆಸರಿಗೂ ಪುಸ್ತಕದ ಹೆಸರಿಗೂ ತಾಳೆಯಾಗದು. ಪಾಸ್‌ಪೋರ್ಟ್ ಸಂಖ್ಯೆ, ಲಸಿಕೆಯ ಬ್ಯಾಚ್ ಸಂಖ್ಯೆ, ವೈದ್ಯರ ಸಹಿ, ಕೇಂದ್ರದ ಮುದ್ರೆ ಇವಿಷ್ಟೂ ಇರಬೇಕು. ಊರ್ಜಿತವಾಗುವುದು ಹತ್ತು ದಿನದ ಮೇಲೆ: ಒಂದನೇ ತಾರೀಕು ಸೂಜಿಯಾದರೆ 11ನೇ ತಾರೀಕಿನಿಂದ. ಒಮ್ಮೆ ಹಾಕಿಸಿದರೆ ಆಯುಷ್ಯಕ್ಕೆ ಸಾಕು. ಹತ್ತು ವರ್ಷಕ್ಕೊಮ್ಮೆ ಎಂಬ ಹಳೆಯ ನಿಯಮ 2016ರ ಜುಲೈನಲ್ಲಿ ಹೋಯಿತು. ಆದ್ದರಿಂದ ಹಳೆಯ ಪುಸ್ತಕವಿದ್ದವರು ಮತ್ತೆ ಹಾಕಿಸಬೇಕಾಗಿಲ್ಲ.

ಇದು ಜೀವಂತ ವೈರಸ್ಸಿನ ಲಸಿಕೆ. ಮೊಟ್ಟೆಗೆ ತೀವ್ರ ಅಲರ್ಜಿ ಇರುವವರಿಗೆ, ಥೈಮಸ್ ಗ್ರಂಥಿಯ ತೊಂದರೆಯವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ಹೆಚ್ಚು ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಕೊಡುವುದಿಲ್ಲ. 60 ದಾಟಿ ಮೊದಲ ಬಾರಿ ಹಾಕಿಸುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರೊಡನೆ ಕೂತು ಲಾಭ ನಷ್ಟ ತೂಗಿ ನೋಡಬೇಕು. ದಡಾರದಂಥ ಬೇರೆ ಜೀವಂತ ಲಸಿಕೆ ಬೇಕಿದ್ದರೆ ಅದೇ ದಿನ, ಇಲ್ಲವಾದರೆ ನಾಲ್ಕು ವಾರ ಬಿಟ್ಟು. ಎಂಟು ವಾರ ಬೇಕೆಂದದ್ದು ಇಂಥ ಲೆಕ್ಕಗಳಿಂದಲೇ. ಟೈಫಾಯ್ಡ್, ಹೆಪಟೈಟಿಸ್ ಎ, ಧನುರ್ವಾಯುವಿನ ಬೂಸ್ಟರ್ ಇವನ್ನೂ ಅದೇ ಅವಧಿಯಲ್ಲಿ ಮುಗಿಸಿಕೊಳ್ಳಬಹುದು.

ಮಲೇರಿಯಾಕ್ಕೆ ಪ್ರವಾಸಿಗರು ಹಾಕಿಸಿಕೊಳ್ಳುವ ಲಸಿಕೆಯಿಲ್ಲ, ಇರುವುದು ಮಾತ್ರೆ ಮತ್ತು ಸೊಳ್ಳೆಯಿಂದ ದೂರವಿರುವ ಎಚ್ಚರ. ಅಲ್ಲಿನದು ಬಹುತೇಕ ಫ್ಯಾಲ್ಸಿಪಾರಮ್ ಜಾತಿ, ಕೊಲ್ಲುವ ಜಾತಿ. ಹಳೆಯ ಕ್ಲೋರೋಕ್ವಿನ್ ಅದರ ಮುಂದೆ ನಡೆಯುವುದಿಲ್ಲ. ಅಮೃತಬಳ್ಳಿಯ ಕಷಾಯವೂ ಸಾಲದು. ವೈದ್ಯರು ಬರೆದುಕೊಡುವುದು ಸಾಮಾನ್ಯವಾಗಿ ಎರಡರಲ್ಲೊಂದು. ಅಟೊವಾಕ್ವೋನ್–ಪ್ರೊಗ್ವಾನಿಲ್ ಆದರೆ ಹೊರಡುವ ಒಂದೆರಡು ದಿನ ಮೊದಲಿನಿಂದ ದಿನಕ್ಕೊಂದು, ಬಂದ ಮೇಲೆ ಏಳು ದಿನ. ಹತ್ತು ದಿನದ ಪ್ರವಾಸಕ್ಕೆ 19 ಮಾತ್ರೆ ಇಟ್ಟುಕೊಳ್ಳಿ. ಊರಿನ ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುವ ಮಾತ್ರೆ ಇದಲ್ಲ, ಮೊದಲೇ ಹೇಳಿ ತರಿಸಬೇಕು. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಆದರೆ ಎಲ್ಲ ಕಡೆ ಸಿಗುತ್ತದೆ. ಇಲಿಜ್ವರಕ್ಕೂ ಕೊಡುವ ಔಷಧ, ನಮ್ಮ ಕರಾವಳಿಗೆ ಹೊಸದಲ್ಲ. ಅದನ್ನು ಬಂದ ಮೇಲೆ 28 ದಿನ ಮುಂದುವರಿಸಬೇಕು, ಅದೇ ಹತ್ತು ದಿನದ ಪ್ರವಾಸಕ್ಕೆ 40 ಕ್ಯಾಪ್ಸೂಲ್. ಮೊದಲನೆಯದನ್ನು ಊಟದ ಜೊತೆ ಅಥವಾ ಹಾಲಿನ ಜೊತೆ ತೆಗೆದುಕೊಂಡರೆ ಮೈಗೆ ಹತ್ತುತ್ತದೆ. ಎರಡನೆಯದಕ್ಕೆ ಹಾಲು, ಕಬ್ಬಿಣದ ಮಾತ್ರೆ, ಆಂಟಾಸಿಡ್ ಆಗದು. ತುಂಬಿದ ಲೋಟ ನೀರಿನೊಡನೆ ನುಂಗಿ ಅರ್ಧ ಗಂಟೆ ಮಲಗದೆ ಕೂರಬೇಕು, ಇಲ್ಲದಿದ್ದರೆ ಅನ್ನನಾಳದಲ್ಲೇ ಅಂಟಿ ಹುಣ್ಣಾಗುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಎಂಟು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಬೇಡ.

ಎಲ್ಲರೂ ಎಡವುವುದು ಮನೆಗೆ ಬಂದ ಮೇಲೆ. ಮೈ ಚೆನ್ನಾಗಿದೆಯಲ್ಲ ಎಂದು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಪರಾವಲಂಬಿ ಮೊದಲು ಯಕೃತ್ತಿನಲ್ಲಿ ಅಡಗಿ ಬೆಳೆಯುತ್ತದೆ. ರಕ್ತಕ್ಕೆ ಇಳಿಯಲು ಕನಿಷ್ಠ ವಾರ ಬೇಕು. ಕೊನೆಯ ರಾತ್ರಿ ಕಚ್ಚಿದ ಸೊಳ್ಳೆಯ ಲೆಕ್ಕ ಚುಕ್ತಾ ಆಗುವುದು ಶಿರಸಿಯಲ್ಲಿ ನುಂಗುವ ಮಾತ್ರೆಯಿಂದ.

ಸೊಳ್ಳೆ ಹತ್ತಿರ ಬಾರದಂತೆ ಮೈಗೆ ಹಚ್ಚುವ ಎಣ್ಣೆಯ ವಿಚಾರವನ್ನು ಸಿದ್ದಾಪುರ, ಹೊನ್ನಾವರದ ಕಾಡಂಚಿನವರಿಗೆ ಹೇಳಿಕೊಡಬೇಕಾಗಿಲ್ಲ. ಮಂಗನ ಕಾಯಿಲೆಯ ಉಣ್ಣೆಗೆ ಡೇಪಾ ಎಣ್ಣೆ ಹಚ್ಚಿ ಗೊತ್ತಿದೆ. ಆಫ್ರಿಕಾಕ್ಕೆ ಡೀಟ್ ಎಂಬ ರಾಸಾಯನಿಕ ಶೇಕಡಾ 30ರಿಂದ 50 ಇರುವುದು ಅಥವಾ ಪಿಕಾರಿಡಿನ್ ಶೇಕಡಾ 20 ಇರುವುದು ಒಯ್ಯಿರಿ. ಬಿಸಿಲಿನ ಕ್ರೀಮು ಮೊದಲು, ಅದು ಒಣಗಿದ ಮೇಲೆ ಇದು. ಮಲೇರಿಯಾದ ಅನಾಫಿಲಿಸ್ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನವರೆಗೆ, ಆ ಹೊತ್ತಿಗೆ ತುಂಬು ತೋಳು, ಕಾಲುಚೀಲ. ಬಟ್ಟೆಯ ಬಣ್ಣದ ಮೇಲೂ ಗಮನವಿರಲಿ. ನಿದ್ರಾರೋಗ ಹರಡುವ ಟ್ಸೆಟ್ಸೆ ನೊಣ ಹಗಲು ಕಚ್ಚುತ್ತದೆ, ತೆಳು ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ, ಎಣ್ಣೆಗೂ ಅಷ್ಟಾಗಿ ಜಗ್ಗುವುದಿಲ್ಲ. ಅದಕ್ಕೆ ಪ್ರಿಯವಾದದ್ದು ಕಡುನೀಲಿ ಮತ್ತು ಕಪ್ಪು. ರಾಷ್ಟ್ರೀಯ ಉದ್ಯಾನದ ಮರಗಳಿಗೆ ನೀಲಿ-ಕಪ್ಪು ಬಟ್ಟೆ ತೂಗುಹಾಕಿರುವುದು ಅದನ್ನು ಹಿಡಿಯಲೆಂದೇ. ಜೀನ್ಸ್ ಮನೆಯಲ್ಲಿರಲಿ, ಮಣ್ಣುಬಣ್ಣದ ದಪ್ಪ ಹತ್ತಿ ಬಟ್ಟೆ ಸಾಕು.

ಇನ್ನು ಕಾಲ. ಇಲ್ಲಿ ನಮ್ಮ ಜಿಲ್ಲೆಯ ಪಂಚಾಂಗಕ್ಕೂ ಅಲ್ಲಿನದಕ್ಕೂ ಜಗಳ. ಮಕ್ಕಳಿಗೆ ರಜೆ ಏಪ್ರಿಲ್, ಮೇ. ಅಲ್ಲಿ ಮಾರ್ಚಿನಿಂದ ಮೇವರೆಗೆ ದೊಡ್ಡ ಮಳೆ. ಸೆರೆಂಗೆಟಿಯ ಕಪ್ಪು ಮಣ್ಣಿನಲ್ಲಿ ಜೀಪು ಹೂತರೆ ಅರ್ಧ ದಿನ ಅಲ್ಲೇ. ಕೆಲವು ಕ್ಯಾಂಪ್‌ಗಳು ಮುಚ್ಚಿಯೇ ಇರುತ್ತವೆ, ಆದ್ದರಿಂದಲೇ ಪ್ಯಾಕೇಜ್ ದರ ಕಡಿಮೆ. ಪ್ರಾಣಿ ನೋಡಲು ಹದವಾದ ಒಣ ಕಾಲ ಜೂನ್‌ನಿಂದ ಅಕ್ಟೋಬರ್. ವೈಲ್ಡಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡು ಮಾರಾ ನದಿ ದಾಟುವುದು ಜುಲೈನಿಂದ ಸೆಪ್ಟೆಂಬರ್ ಸುಮಾರಿಗೆ, ಉತ್ತರದ ತುದಿಯಲ್ಲಿ. ಕರು ಹಾಕುವುದು ಜನವರಿ ಕೊನೆಯಿಂದ ಮಾರ್ಚ್, ದಕ್ಷಿಣದ ಎನ್‌ಡುಟು ಕಡೆ. ಏಜೆಂಟರು ಫೆಬ್ರುವರಿಯಲ್ಲಿ ನದಿ ದಾಟುವುದನ್ನು ತೋರಿಸುತ್ತೇವೆ ಎಂದರೆ ಅಲ್ಲಿಗೇ ಎದ್ದು ಬನ್ನಿ.

ಜುಲೈ ಅಲ್ಲಿ ಸುಖ, ಇಲ್ಲಿ ಕಷ್ಟ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿದ್ದು ಯಾರಿಗೂ ಮರೆತಿಲ್ಲ. ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಬೇರೆ, ರೈಲುಗಳ ವೇಗವೂ ಕಡಿಮೆ. ದೇವಿಮನೆ, ಅರಬೈಲು ಘಟ್ಟದ ಗತಿ ಆಯಾ ದಿನದ ಮಳೆಯ ಮೇಲೆ. ವಿಮಾನದ ಹಿಂದಿನ ದಿನವೇ ಮುಂಬೈ ಸೇರಿ ಅಲ್ಲಿ ರಾತ್ರಿ ಉಳಿಯುವುದನ್ನು ಖರ್ಚಿನಲ್ಲಿ ಮೊದಲೇ ಸೇರಿಸಿಕೊಳ್ಳಿ.

ವೀಸಾ ವಿಚಾರ ಅಷ್ಟು ಕಷ್ಟವಿಲ್ಲ. ಟಾಂಜಾನಿಯಾದ ಇ-ವೀಸಾ ಸಾಮಾನ್ಯ ಪ್ರವಾಸಕ್ಕೆ 50 ಡಾಲರ್. ಕೀನ್ಯಾ 2024ರ ಜನವರಿಯಿಂದ ವೀಸಾ ಬದಲು ಇಟಿಎ ಎಂಬ ಪ್ರಯಾಣ ಪರವಾನಗಿ ಇಟ್ಟಿದೆ. ಕೀನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೂ ಸೇರಿ 100 ಡಾಲರಿನ ಒಂದೇ ವೀಸಾ ಉಂಟು, ಟಾಂಜಾನಿಯಾ ಅದರಲ್ಲಿಲ್ಲ. ಗೂಗಲ್‌ನಲ್ಲಿ ಮೊದಲು ಕಾಣುವ ತಾಣ ಹೆಚ್ಚಾಗಿ ದಲ್ಲಾಳಿಯದ್ದು, ಎರಡು ಮೂರು ಪಟ್ಟು ವಸೂಲಿ ಮಾಡುತ್ತದೆ. ಟಾಂಜಾನಿಯಾದ ಸರ್ಕಾರಿ ವಿಳಾಸದ ಕೊನೆಗೆ 'ಡಾಟ್ ಗೋ ಡಾಟ್ ಟಿಝಡ್' ಇರುತ್ತದೆ. ಪಾಸ್‌ಪೋರ್ಟಿಗೆ ಆರು ತಿಂಗಳ ಆಯುಷ್ಯ ಬಾಕಿಯಿರಲಿ. ಪ್ರವಾಸಿ ವೀಸಾದಲ್ಲಿ ಸಂಭಾವನೆ ಪಡೆದು ಕಾರ್ಯಕ್ರಮ ಕೊಡುವುದು ಸಲ್ಲದು. ಯಕ್ಷಗಾನ ಮೇಳದವರು, ಸಂಗೀತದವರು ಇದನ್ನು ಗಮನಿಸಬೇಕು. ಜಾಂಜಿಬಾರಿಗೆ 2024ರ ಅಕ್ಟೋಬರ್ 1ರಿಂದ ಅಲ್ಲಿನದೇ ವಿಮೆ ಕಡ್ಡಾಯ, 44 ಡಾಲರ್. ಇಲ್ಲಿ ಕೊಂಡ ವಿಮೆ ಅದಕ್ಕೆ ಬದಲಾಗದು, ಆದರೆ ಇಲ್ಲಿನದೂ ಬೇಕು. ಹುಲ್ಲುಗಾವಲಿನ ನಡುವಿಂದ ನೈರೋಬಿಯ ಆಸ್ಪತ್ರೆಗೆ ಸಣ್ಣ ವಿಮಾನದಲ್ಲಿ ಸಾಗಿಸುವ ವೆಚ್ಚ ನಿಮ್ಮ ಪಾಲಿಸಿಯಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಬಿಪಿ, ಸಕ್ಕರೆ ಕಾಯಿಲೆ ಮುಚ್ಚಿಟ್ಟರೆ ಕ್ಲೇಮು ಬಿದ್ದುಹೋಗುತ್ತದೆ.

ಸಫಾರಿಯ ದರಪಟ್ಟಿಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಅಗ್ಗದ ಕೊಟೇಶನ್ನಿನಲ್ಲಿ ಬಿಟ್ಟುಹೋಗುವುದು ಉದ್ಯಾನದ ಶುಲ್ಕ. ಅರುಷಾದಿಂದ ಸೆರೆಂಗೆಟಿಗೆ ಹೋಗುವ ಮುಖ್ಯ ದಾರಿ ಎನ್‌ಗೊರೊಂಗೊರೊ ಪ್ರದೇಶದ ಮೂಲಕವೇ ಸಾಗುತ್ತದೆ. ಸುಮ್ಮನೆ ದಾಟಿಹೋಗುವುದಕ್ಕೂ ಅಲ್ಲಿ ಶುಲ್ಕವಿದೆ. ಅಲ್ಲಿನ ಹಳೆಯ ಜ್ವಾಲಾಮುಖಿಯ ಕುಳಿಯೊಳಗೆ ಇಳಿಯಲು ವಾಹನವೊಂದಕ್ಕೆ 250 ಡಾಲರ್, ಮೇಲೆ ಶೇಕಡಾ 18 ತೆರಿಗೆ. ಇಬ್ಬರೇ ಹೋದರೆ ಈ ಮೊತ್ತ ಇಬ್ಬರ ಮೇಲೇ ಬೀಳುತ್ತದೆ, ಆರು ಜನವಾದರೆ ಹಂಚಿಹೋಗುತ್ತದೆ. ಪ್ರವೇಶದ ಪರವಾನಗಿ 24 ಗಂಟೆಯ ಲೆಕ್ಕದ್ದು. ಚಾಲಕ ಗೇಟಿನತ್ತ ಅವಸರ ಮಾಡಿದರೆ ಅದಕ್ಕೇ ಎಂದು ತಿಳಿಯಿರಿ. ಆ ಕುಳಿಯ ಅಂಚು ಸುಮಾರು 2,300 ಮೀಟರ್ ಎತ್ತರ, ಜುಲೈ ಬೆಳಗಿನಲ್ಲಿ ಹತ್ತು ಡಿಗ್ರಿಗಿಂತ ಕೆಳಗೆ. ಆಫ್ರಿಕಾ ಎಂದರೆ ಸೆಖೆ ಎಂದುಕೊಂಡು ಬರೀ ಅಂಗಿ ತಂದ ಕಾರವಾರದವರು ಜೀಪಿನಲ್ಲಿ ನಡುಗುತ್ತ ಕೂರಬೇಕಾಗುತ್ತದೆ. ಒಳನಾಡಿನ ಸಣ್ಣ ವಿಮಾನಕ್ಕೆ ಮೆತ್ತನೆಯ ಚೀಲ, ಕೈಚೀಲವೂ ಸೇರಿ 15 ಕಿಲೋ. ಗಟ್ಟಿ ಸೂಟ್‌ಕೇಸ್ ಅದರ ಹೊಟ್ಟೆಯಲ್ಲಿ ಹಿಡಿಸುವುದಿಲ್ಲ. ಹೊತ್ತಿನ ವಿಷಯದಲ್ಲೂ ಒಂದು ಗೊಂದಲ ಕಾದಿರುತ್ತದೆ: ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯೋದಯದಿಂದ. 'ಸಾ ಮ್ಬಿಲಿ' ಎಂದರೆ ಎರಡು ಗಂಟೆ ಎಂಬ ಮಾತು, ಗಡಿಯಾರದಲ್ಲಿ ಎಂಟು. ಚಾಲಕ ಹೇಳಿದ ಹೊತ್ತಿಗೆ ಆರು ಕೂಡಿಸಿ, ಮತ್ತೊಮ್ಮೆ ಕೇಳಿ.

ಕಿಲಿಮಂಜಾರೊ 5,895 ಮೀಟರ್. ಯಾಣದ ಮೆಟ್ಟಿಲು ಹತ್ತಿದ ಕಾಲಿನ ಬಲಕ್ಕೂ ಅದಕ್ಕೂ ಸಂಬಂಧವಿಲ್ಲ, ಆಮ್ಲಜನಕದ ಕೊರತೆಗೆ ಮೈ ಒಗ್ಗಲು ದಿನ ಬೇಕು. ಐದು ದಿನದ ಅಗ್ಗದ ದಾರಿ ಬೇಡ, ಏಳೆಂಟು ದಿನದ್ದು ಹಿಡಿಯಿರಿ. ಎತ್ತರದ ಕಾಯಿಲೆಗೆ ಕೊಡುವ ಅಸಿಟಜೋಲಮೈಡ್ ಮಾತ್ರೆ ವೈದ್ಯರು ಬರೆದರೆ ಮಾತ್ರ, ಸಲ್ಫಾ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ತಲೆನೋವಿನ ಜೊತೆ ಹೆಜ್ಜೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಮದ್ದು ಒಂದೇ: ರಾತ್ರಿಯಾದರೂ ಸರಿ, ಕೆಳಗಿಳಿಯುವುದು.

ಗಂಟುಮೂಟೆಯಲ್ಲಿ ನಮ್ಮವರ ತೊಂದರೆ ತಿಂಡಿಯದ್ದು. ಟಾಂಜಾನಿಯಾದಲ್ಲಿ 2019ರ ಜೂನ್ ಒಂದರಿಂದ, ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ. ಚಕ್ಕುಲಿ, ತೊಡದೇವು, ಹಪ್ಪಳವನ್ನು ಡಬ್ಬಿಯಲ್ಲಿ ತುಂಬಿ, ಅಂಗಡಿಯ ತೆಳು ಚೀಲ ಒಂದೂ ಇರದಂತೆ ನೋಡಿಕೊಳ್ಳಿ. ಹಸಿ ವೀಳ್ಯದೆಲೆ, ಬೀಜ, ಹಣ್ಣು ಬೇಡ, ಕವಳದವರು ಆ ಹತ್ತು ದಿನ ತಡೆದುಕೊಳ್ಳುವುದೇ ಒಳ್ಳೆಯದು. ಕಾಗದದಲ್ಲಿ ಕಟ್ಟಿದ ಹೆಸರಿಲ್ಲದ ಚೂರ್ಣ, ಕಷಾಯದ ಪುಡಿ ಕಸ್ಟಮ್ಸಿನವರ ಕಣ್ಣಿಗೆ ಬೇರೆಯೇ ಪುಡಿಯಾಗಿ ಕಾಣಬಹುದು. ಔಷಧ ಅಂಗಡಿಯ ಪ್ಯಾಕಿನಲ್ಲೇ ಇರಲಿ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಬದಲು ಮೂಲ ಔಷಧದ ಹೆಸರು ಬರೆಸಿ. ಟ್ರಮಡಾಲ್ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಚೀಟಿಯಿಲ್ಲದೆ ಒಯ್ಯಲೇಬೇಡಿ. ಸಸ್ಯಾಹಾರಿಗಳು 'ಸಿಲಿ ನ್ಯಾಮ, ಸಿಲಿ ಸಮಾಕಿ' ಎಂದು ಕಲಿತುಕೊಂಡರೆ ಸಾಕು, ಮಾಂಸ ತಿನ್ನೆ, ಮೀನು ತಿನ್ನೆ ಎಂದರ್ಥ. ಅಲ್ಲಿನ 'ಮ್ಚಿಚಾ' ನಮ್ಮ ಹರಿವೆ ಸೊಪ್ಪಿನ ಬಳಗದ್ದೇ, ತೆಂಗಿನ ಹಾಲಿನ ಅವರೆಯಂಥ ಕಾಳಿನ ಪಲ್ಯವೂ ಸಿಗುತ್ತದೆ. ಜಾಂಜಿಬಾರಿನ ಮಸಾಲೆ ತೋಟಕ್ಕೆ ದುಡ್ಡು ಕೊಟ್ಟು ಮೆಣಸು, ಏಲಕ್ಕಿ ನೋಡುವುದು ಶಿರಸಿಯವರಿಗೆ ಬೇಕೇ ಎಂಬುದನ್ನು ಅವರವರಿಗೇ ಬಿಟ್ಟದ್ದು. ಲವಂಗದ ತೋಟವಾದರೆ ನೋಡುವಂಥದ್ದೇ.

ಡಾಲರ್ ನೋಟು 2006ಕ್ಕಿಂತ ಹಳೆಯದಾದರೆ, ಹರಿದಿದ್ದರೆ, ಮೇಲೆ ಪೆನ್ನಿನ ಗುರುತಿದ್ದರೆ ಅಲ್ಲಿ ತೆಗೆದುಕೊಳ್ಳುವುದಿಲ್ಲ. ಬ್ಯಾಂಕಿನಲ್ಲಿ ಎಣಿಸುವಾಗಲೇ ಪ್ರತಿ ನೋಟಿನ ವರ್ಷ ನೋಡಿ.

ಕರಾವಳಿಯವರಿಗೆ ನೀರು ಕಂಡರೆ ಇಳಿಯುವ ಚಾಳಿ. ಸಮುದ್ರಕ್ಕೆ ಇಳಿಯಿರಿ, ಆದರೆ ಇಳಿತದ ಹೊತ್ತಿಗೆ ಕಡಲಮುಳ್ಳು ಚುಚ್ಚದಂತೆ ಕಾಲಿಗೆ ಏನಾದರೂ ಇರಲಿ. ವಿಕ್ಟೋರಿಯಾ ಸರೋವರಕ್ಕೆ, ನಿಂತ ಸಿಹಿನೀರಿಗೆ ಕಾಲೂ ಇಡಬೇಡಿ. ಬಸವನಹುಳುವಿನಿಂದ ಹೊರಬಿದ್ದ ಬಿಲ್ಹಾರ್ಜಿಯಾ ಎಂಬ ಪರಾವಲಂಬಿ ರೋಗದ ಮರಿಹುಳ ಕೆಲವೇ ನಿಮಿಷದಲ್ಲಿ ಚರ್ಮ ಕೊರೆದು ಒಳಸೇರುತ್ತದೆ, ನೋವೂ ಗೊತ್ತಾಗದು. ಇಳಿದದ್ದಾಗಿದ್ದರೆ ಎಂಟು ವಾರದ ನಂತರ ರಕ್ತ ಪರೀಕ್ಷೆ ಮಾಡಿಸಬೇಕು.

ಕೊನೆಯದು ಜಿಲ್ಲೆಯ ವೈದ್ಯರಿಗೂ ಆಸ್ಪತ್ರೆಗಳಿಗೂ ಸಂಬಂಧಿಸಿದ್ದು. ಆಫ್ರಿಕಾದಿಂದ ಬಂದವರಿಗೆ ಜನವರಿಯಲ್ಲಿ ಸಿದ್ದಾಪುರದಲ್ಲಿ ಜ್ವರ ಬಂದರೆ ಮೊದಲ ಗುಮಾನಿ ಮಂಗನ ಕಾಯಿಲೆ. ಆಗಸ್ಟಿನಲ್ಲಿ ಕುಮಟಾದಲ್ಲಿ ಬಂದರೆ ಇಲಿಜ್ವರ, ಡೆಂಗಿ. ಇಲ್ಲಿಯ ಮಟ್ಟಿಗೆ ಅದು ಸರಿಯಾದ ಗುಮಾನಿಯೇ, ಆದರೆ ಫ್ಯಾಲ್ಸಿಪಾರಮ್ ಎರಡು ದಿನ ಕಾಯುವುದಿಲ್ಲ. ರೋಗಿ ಬಾಯಿಬಿಟ್ಟು ಹೇಳಬೇಕಾದ ಮೊದಲ ಮಾತು "ಆಫ್ರಿಕಾಕ್ಕೆ ಹೋಗಿ ಬಂದಿದ್ದೇನೆ, ಇಂಥ ದಿನ ಬಂದೆ" ಎಂಬುದು. ಮಾತ್ರೆ ಪೂರ್ತಿ ತೆಗೆದುಕೊಂಡಿದ್ದರೂ ಹೇಳಬೇಕು, ಬಂದು ಮೂರು ತಿಂಗಳಾಗಿದ್ದರೂ ಹೇಳಬೇಕು. ಅದೇ ದಿನ ಮಲೇರಿಯಾ ಪರೀಕ್ಷೆ ಆಗಬೇಕು. ಮೊದಲ ಸ್ಲೈಡಿನಲ್ಲಿ ಕಾಣದಿದ್ದರೆ 12ರಿಂದ 24 ಗಂಟೆಯ ಅಂತರದಲ್ಲಿ ಇನ್ನೆರಡು ಬಾರಿ ನೋಡಬೇಕು. ಹೊರರೋಗಿ ಚೀಟಿಯಲ್ಲಿ ವಯಸ್ಸು, ಊರಿನ ಕೆಳಗೆ "ಕಳೆದ ಒಂದು ವರ್ಷದಲ್ಲಿ ಹೊರದೇಶಕ್ಕೆ ಹೋಗಿದ್ದೀರಾ?" ಎಂಬ ಒಂದು ಸಾಲನ್ನು ಜಿಲ್ಲಾ ಆರೋಗ್ಯ ಇಲಾಖೆ ಸೇರಿಸಲಿ ಎಂಬುದು ನಮ್ಮ ಕೋರಿಕೆ. ಮುದ್ರಣದ ಖರ್ಚೂ ಹೆಚ್ಚಾಗದು.

ಇಂತಿ,
ಪ್ರವಾಸದ ಕಾಗದಪತ್ರ ಮತ್ತು ಆರೋಗ್ಯ ತಯಾರಿಯ ಕೆಲಸದಲ್ಲಿರುವ ಇಬ್ಬರು ಓದುಗರು,
ಶಿರಸಿ, ಉತ್ತರ ಕನ್ನಡ